ಎಗ್ ದ್ವೀಪಕ್ಕೆ ಹೋಗುವವರು ಒಂದು ರಾತ್ರಿಯಾದರೂ ಉಳಿಯಿರಿ

ಸ್ಕಾಟ್ಲೆಂಡಿನ ಪಶ್ಚಿಮ ಕರಾವಳಿಯಾಚೆ ಇರುವ ಎಗ್ ದ್ವೀಪಕ್ಕೆ ಬೆಳಿಗ್ಗೆ ಹೋಗಿ ಸಂಜೆಗೆ ಮರಳಬಹುದು. ಬಹಳ ಜನ ಮಾಡುವುದು ಅದನ್ನೇ. ದೋಣಿ ಇಳಿದು, ಸಿಕ್ಕ ಕೆಲವು ಗಂಟೆಗಳಲ್ಲಿ ಬೆಟ್ಟ ಹತ್ತಿ, ಫೋಟೊ ತೆಗೆದು, ಓಡೋಡಿ ಬಂದು ಮತ್ತೆ ದೋಣಿ ಹಿಡಿಯುತ್ತಾರೆ. ಬೆಟ್ಟ ಸೊಗಸಾಗಿದೆ, ಅದರಲ್ಲಿ ಎರಡು ಮಾತಿಲ್ಲ. ಆದರೆ ಅಲ್ಲಿ ನಿಜಕ್ಕೂ ನೋಡಬೇಕಾದ್ದು ನೂರು ಚಿಲ್ಲರೆ ಜನ ತಮ್ಮ ನೆಲ, ಕಾಡು, ಕರೆಂಟು ಎಲ್ಲವನ್ನೂ ತಾವೇ ನಡೆಸಿಕೊಂಡು ಹೋಗುವ ಬಗೆ. ಅದು ಅವಸರದಲ್ಲಿ ಬಂದವರ ಕಣ್ಣಿಗೆ ಬೀಳುವುದಿಲ್ಲ. ಹಾಗಾಗಿ ಯೋಜನೆ ಹಾಕುವಾಗಲೇ ರಾತ್ರಿ ತಂಗುವ ಲೆಕ್ಕ ಇಟ್ಟುಕೊಳ್ಳಿ.

ದಾರಿ ಸುಲಭ. ಗ್ಲಾಸ್ಗೊದಿಂದ ಬಂದರು ಪಟ್ಟಣ ಮ್ಯಾಲೇಗ್‌ಗೆ ರೈಲಿದೆ, ಐದು ಗಂಟೆಗೂ ಸ್ವಲ್ಪ ಹೆಚ್ಚು ಹಿಡಿಯುತ್ತದೆ. ಹೋಗುವಾಗ ಎಡಬದಿಯ ಕಿಟಕಿ ಹಿಡಿದರೆ ಗ್ಲೆನ್‌ಫಿನ್ನನ್ ಸೇತುವೆಯ ತಿರುವಿನಲ್ಲಿ ಇಡೀ ಕಣಿವೆ ಕಾಣುತ್ತದೆ. ಮ್ಯಾಲೇಗ್‌ನಿಂದ ಕಾಲ್‌ಮ್ಯಾಕ್ ಕಂಪನಿಯ ಫೆರಿ. ಬೇಸಗೆಯಲ್ಲಾದರೆ ಅರಿಸೇಗ್‌ನಿಂದ ಸಣ್ಣ ಪ್ರಯಾಣಿಕ ದೋಣಿಯೂ ಉಂಟು. ಫೆರಿ ಎಲ್ಲ ದಿನವೂ ಇರುವುದಿಲ್ಲ, ವಾರದ ದಿನಕ್ಕೊಂದು ವೇಳಾಪಟ್ಟಿ, ಚಳಿಗಾಲಕ್ಕೆ ಬೇರೆಯೇ ಪಟ್ಟಿ. ಮೊದಲು ದೋಣಿಯ ದಿನ ನೋಡಿ, ಆಮೇಲೆ ರೈಲು ಕಾದಿರಿಸಿ. ಪ್ರವಾಸಿಗರ ಕಾರಿಗೆ ದ್ವೀಪದಲ್ಲಿ ಪ್ರವೇಶವಿಲ್ಲ, ಅದನ್ನು ಮ್ಯಾಲೇಗ್‌ನಲ್ಲೇ ಬಿಡಬೇಕು. ಇದೊಂದು ತೊಂದರೆ ಎಂದು ಯಾರೂ ಭಾವಿಸಬಾರದು. ದ್ವೀಪದ ಉದ್ದ ಸುಮಾರು 9 ಕಿಲೋಮೀಟರ್, ಅಗಲ ಅದರ ಅರ್ಧದಷ್ಟು. ಕಾಲ್ನಡಿಗೆಯೋ ಸೈಕಲ್ಲೋ ಸಾಕು.

ದೋಣಿ ಹತ್ತುವ ಮುಂಚೆ ಈ ಊರಿನ ಕತೆ ತಿಳಿದಿರಲಿ, ಆಗ ಕಾಣುವುದಕ್ಕೆಲ್ಲ ಅರ್ಥ ಬರುತ್ತದೆ. 1997ರವರೆಗೆ ಇಡೀ ದ್ವೀಪ ಒಬ್ಬರ ಖಾಸಗಿ ಆಸ್ತಿ. ಒಡೆಯ ಬದಲಾದಂತೆ ಜನರ ಹಣೆಬರಹವೂ ಬದಲಾಗುತ್ತಿತ್ತು. ಗುತ್ತಿಗೆಗೆ ಭದ್ರತೆ ಇಲ್ಲದಿದ್ದುದರಿಂದ ಎಷ್ಟೋ ಮನೆಗಳಿಗೆ ರಿಪೇರಿ ಕಾಣುವ ಯೋಗವೂ ಇರಲಿಲ್ಲ. ನಾಳೆ ಇರುತ್ತೇವೋ ಇಲ್ಲವೋ ಎನ್ನುವವರು ಗಿಡ ನೆಡುವುದಾದರೂ ಹೇಗೆ? ಆಗ ಅಲ್ಲಿದ್ದವರು ಅರವತ್ತು ಚಿಲ್ಲರೆ ಮಂದಿ. ನಿವಾಸಿಗಳ ಸಂಘ, ಸ್ಥಳೀಯ ಆಡಳಿತವಾದ ಹೈಲ್ಯಾಂಡ್ ಕೌನ್ಸಿಲ್, ವನ್ಯಜೀವಿ ಸಂಸ್ಥೆ ಸ್ಕಾಟಿಷ್ ವೈಲ್ಡ್‌ಲೈಫ್ ಟ್ರಸ್ಟ್ ಮೂರೂ ಸೇರಿ ಒಂದು ಟ್ರಸ್ಟ್ ಕಟ್ಟಿ, ಸಾರ್ವಜನಿಕರಿಂದ ಚಂದಾ ಎತ್ತಿ, ಸುಮಾರು 15 ಲಕ್ಷ ಪೌಂಡ್ ಕೊಟ್ಟು ದ್ವೀಪವನ್ನೇ ಕೊಂಡುಕೊಂಡರು. ಹಣದ ದೊಡ್ಡ ಪಾಲು ಹೆಸರು ಹೇಳದ ಒಬ್ಬ ದಾನಿಯದು. 1997ರ ಜೂನ್ 12ರಂದು ಒಡೆತನ ಊರಿನ ಕೈಗೆ ಬಂತು. ನೆಲ ಕೊಳ್ಳಲು ಸಮುದಾಯಗಳಿಗೆ ಹಕ್ಕು ಕೊಡುವ ಸ್ಕಾಟ್ಲೆಂಡಿನ ಭೂಸುಧಾರಣಾ ಕಾಯ್ದೆ ಬಂದದ್ದು 2003ರಲ್ಲಿ. ಅಂದರೆ ಇವರು ಕಾನೂನಿಗಾಗಿ ಕಾದು ಕೂರಲಿಲ್ಲ. ಕಾಡಿನ ಬಗ್ಗೆ, ಮನೆ ನಿವೇಶನದ ಬಗ್ಗೆ, ಕೆಲಸದ ಬಗ್ಗೆ ಈಗ ನಿರ್ಧಾರವಾಗುವುದು ಊರಿನವರ ಸಭೆಗಳಲ್ಲಿ. ಜನಸಂಖ್ಯೆಯೂ ಏರಿ ನೂರು ದಾಟಿದೆ.

ನನಗೆ ಬಲು ಹಿಡಿಸಿದ್ದು ಕರೆಂಟಿನ ವ್ಯವಸ್ಥೆ. ಎಗ್‌ಗೆ ರಾಷ್ಟ್ರೀಯ ಗ್ರಿಡ್‌ನ ತಂತಿ ಬಂದಿಲ್ಲ. ಹಿಂದೆ ಡೀಸೆಲ್ ಜನರೇಟರುಗಳೇ ಮನೆಮನೆಗೆ ಗತಿ. 2008ರ ಫೆಬ್ರುವರಿಯಲ್ಲಿ ಊರಿನದೇ ಕಂಪನಿ ‘ಎಗ್ ಎಲೆಕ್ಟ್ರಿಕ್’ ಶುರುವಾಯಿತು. 100 ಕಿಲೋವ್ಯಾಟ್‌ನ ಒಂದು ಜಲವಿದ್ಯುತ್ ಘಟಕ, ಇನ್ನೆರಡು ಪುಟ್ಟವು, ಬೆಟ್ಟದ ಬುಡದಲ್ಲಿ ತಲಾ 6 ಕಿಲೋವ್ಯಾಟ್‌ನ ನಾಲ್ಕು ಗಾಳಿಯಂತ್ರ, ಸೌರಫಲಕಗಳು, ಇವೆಲ್ಲಕ್ಕೂ ಸೇರಿ ಒಂದು ಬ್ಯಾಟರಿ ಕೋಣೆ. ಚಳಿಗಾಲದಲ್ಲಿ ಮಳೆಗಾಳಿ ಜೋರು, ಬೇಸಗೆಯಲ್ಲಿ ಹಗಲು ಉದ್ದ. ಒಂದು ಸೊರಗಿದಾಗ ಇನ್ನೊಂದು ಕೈ ಹಿಡಿಯುತ್ತದೆ. ಡೀಸೆಲ್ ಈಗ ಆಪತ್ಕಾಲಕ್ಕೆ ಮಾತ್ರ. ಹೆಚ್ಚುಳಿದ ಕರೆಂಟು ಸಮುದಾಯ ಭವನದಂಥ ಕಡೆ ಕೋಣೆ ಬೆಚ್ಚಗಿಡಲು ಹೋಗುತ್ತದೆ.

ಆದರೆ ಯಂತ್ರಗಳಿಗಿಂತ ದೊಡ್ಡದು ಅವರು ಹಾಕಿಕೊಂಡ ಮಿತಿ. ಪ್ರತಿ ಮನೆಗೆ ಒಂದು ಹೊತ್ತಿಗೆ 5 ಕಿಲೋವ್ಯಾಟ್, ವ್ಯಾಪಾರದ ಜಾಗಕ್ಕೆ 10. ದಾಟಿದರೆ ಆ ಮನೆಯ ಕರೆಂಟು ಹೋಗುತ್ತದೆ. ದುಡ್ಡಿರುವವರಿಗೆ ಹೆಚ್ಚು, ಇಲ್ಲದವರಿಗೆ ಕಡಿಮೆ ಎಂಬುದಿಲ್ಲ. ಕೆರೆಯ ನೀರನ್ನು ಸರದಿಯಂತೆ ಗದ್ದೆಗಳಿಗೆ ಬಿಡುತ್ತಿದ್ದ ನಮ್ಮ ನೀರುಗಂಟಿಗಳ ನ್ಯಾಯ ನೆನಪಾಯಿತು. ಉಳಿಯಲು ಹೋದವರಿಗೂ ಇದೇ ಮಿತಿ. ಒಂದು ಕೆಟಲ್ಲಿಗೇ ಎರಡು ಮೂರು ಕಿಲೋವ್ಯಾಟ್ ಬೇಕು, ಹೇರ್ ಡ್ರೈಯರ್‌ಗೆ ಹತ್ತಿರಹತ್ತಿರ ಎರಡು. ಕೆಟಲ್, ಹೀಟರ್, ಡ್ರೈಯರ್ ಮೂರನ್ನೂ ಒಟ್ಟಿಗೆ ಹಾಕಬೇಡಿ. ಚಹಾ ಕಾಯಲಿ, ಆಮೇಲೆ ಹೀಟರ್. ಒಂದೇ ದಿನದಲ್ಲಿ ಕೈಗೆ ರೂಢಿಯಾಗುತ್ತದೆ, ಮತ್ತು ಪರಿಸರದ ಬಗ್ಗೆ ಕೇಳಿದ ಎಷ್ಟೋ ಭಾಷಣಗಳಿಗಿಂತ ಈ ಸಣ್ಣ ರೂಢಿ ನನಗೆ ಹೆಚ್ಚು ಮುಖ್ಯ ಅನ್ನಿಸಿತು. 2010ರಲ್ಲಿ ಬ್ರಿಟನ್ನಿನ ‘ಬಿಗ್ ಗ್ರೀನ್ ಚಾಲೆಂಜ್’ ಸ್ಪರ್ಧೆಯ ವಿಜೇತರಲ್ಲಿ ಎಗ್ ಸಹ ಒಂದು.

ನಡೆಯಲು ಎರಡು ದಾರಿ ಹೇಳುತ್ತೇನೆ. ಮೊದಲನೆಯದು ಆನ್ ಸ್ಗೂರ್, 393 ಮೀಟರ್ ಎತ್ತರದ ಜ್ವಾಲಾಮುಖಿ ಬಂಡೆ. ಬಂದರಿನಿಂದ ಹತ್ತಿ ಇಳಿಯಲು ಮೂರು ನಾಲ್ಕು ಗಂಟೆ ಇರಲಿ. ದಾರಿಯಲ್ಲಿ ಜೌಗು ಸಿಗುತ್ತದೆ, ನೀರು ತಡೆಯುವ ಬೂಟು ಬೇಕೇ ಬೇಕು. ಮೋಡ ಕವಿದಿದ್ದರೆ ಹತ್ತಬೇಡಿ, ಅಂಚು ಕಡಿದಾಗಿದೆ. ಎರಡನೆಯದು ಕ್ಲೀಡೇಲ್ ಕಡೆಯದು. ರೈತರ ಸಣ್ಣ ಹಿಡುವಳಿಗಳ ನಡುವೆ ಸಾಗಿದರೆ ಸ್ಫಟಿಕ ಮರಳಿನ ದಂಡೆಯೊಂದು ಸಿಗುತ್ತದೆ. ಒಣಗಿದ್ದಾಗ ಕಾಲಿಟ್ಟರೆ ಮರಳು ಕೀರಲು ದನಿ ಮಾಡುತ್ತದೆ. ಎದುರಿಗೆ ರಮ್ ದ್ವೀಪದ ಬೆಟ್ಟಸಾಲು. ನನ್ನ ಮಟ್ಟಿಗೆ ಈ ಎರಡನೆಯ ದಾರಿಯೇ ಮೇಲು, ಅದು ಊರಿನ ಬದುಕಿನ ಮಧ್ಯದಿಂದ ಹಾಯುತ್ತದೆ.

ಸ್ಕಾಟ್ಲೆಂಡಿನಲ್ಲಿ ಹೆಚ್ಚಿನ ನೆಲದ ಮೇಲೆ ಯಾರು ಬೇಕಾದರೂ ಜವಾಬ್ದಾರಿಯಿಂದ ನಡೆದಾಡಬಹುದು, ಅದು ಕಾನೂನು ಕೊಟ್ಟ ಹಕ್ಕು. ಜವಾಬ್ದಾರಿ ಎಂದರೆ ಗೇಟು ಹೇಗಿತ್ತೋ ಹಾಗೇ ಬಿಡುವುದು, ಕುರಿ ಮರಿ ಹಾಕುವ ವಸಂತದಲ್ಲಿ ದೂರದಿಂದ ಸುತ್ತಿ ಹೋಗುವುದು, ಒಣ ಹುಲ್ಲಿನ ಬಳಿ ಬೆಂಕಿ ಹಚ್ಚದಿರುವುದು. ಮನೆಗಳ ಕಿಟಕಿಗೆ ಕ್ಯಾಮೆರಾ ಹಿಡಿಯಬೇಡಿ. ಇದು ವಸ್ತುಸಂಗ್ರಹಾಲಯವಲ್ಲ, ಬಟ್ಟೆ ಒಣಹಾಕುವ, ಮಕ್ಕಳನ್ನು ಶಾಲೆಗೆ ಕಳಿಸುವ ಜನರ ಊರು. ಮರುಬಳಕೆಗೆ ಹೋಗುವ ಕಸಕ್ಕೂ ಇಲ್ಲಿ ದೋಣಿಯೇ ಬೇಕು. ನೀವು ತಂದ ಬಾಟಲಿ, ಪೊಟ್ಟಣ ನಿಮ್ಮ ಚೀಲದಲ್ಲೇ ಮ್ಯಾಲೇಗ್‌ಗೆ ಮರಳಲಿ. ಹಾಗೆಂದು ದಿನಸಿ ಪೂರ್ತಿ ಹೊರಗಿನಿಂದ ಹೊತ್ತು ತರಬೇಡಿ. ಬಂದರಿನ ಬಳಿಯ ಅಂಗಡಿ ಮತ್ತು ಕೆಫೆಯಲ್ಲಿ ಖರ್ಚು ಮಾಡಿದ ಪೌಂಡು ಈ ಊರಿನ ಬದುಕಿಗೇ ಸೇರುತ್ತದೆ. ವಿಶೇಷ ಪಥ್ಯ ಇರುವವರು ಮಾತ್ರ ತಮಗೆ ಬೇಕಾದ್ದನ್ನು ಕಟ್ಟಿಕೊಳ್ಳಿ.

ಮೇ ತಿಂಗಳು ನನ್ನ ಸಲಹೆ. ಹಗಲು ಉದ್ದ, ಮಿಜ್ ಎಂಬ ಕಚ್ಚುವ ನುಸಿಯ ಕಾಟ ಇನ್ನೂ ಪೂರಾ ಏರಿರುವುದಿಲ್ಲ. ಜುಲೈ, ಆಗಸ್ಟ್‌ನಲ್ಲಿ ತಲೆಗೆ ಬಲೆ ಇಲ್ಲದೆ ಸಂಜೆ ಹೊರಗೆ ಕೂರುವುದು ಕಷ್ಟ. ಜರೀಗಿಡದ ಪೊದೆಗಳಲ್ಲಿ ರಕ್ತ ಹೀರುವ ಉಣ್ಣಿಗಳಿರುತ್ತವೆ, ಉದ್ದ ಪ್ಯಾಂಟ್ ತೊಟ್ಟು, ರಾತ್ರಿ ಕಾಲು ಪರೀಕ್ಷಿಸಿಕೊಳ್ಳಿ. ತಂಗುವ ಜಾಗ ಕಡಿಮೆ, ಬೇಸಗೆಗೆ ತಿಂಗಳುಗಟ್ಟಲೆ ಮುಂಚೆ ತುಂಬುತ್ತದೆ. ಗಾಳಿ ಎದ್ದರೆ ಫೆರಿ ನಿಲ್ಲುವುದೂ ಉಂಟು, ಆದ್ದರಿಂದ ಮರಳಿ ಬಂದ ಮರುದಿನವೇ ವಿಮಾನ ಇಟ್ಟುಕೊಳ್ಳಬೇಡಿ. ನಡುವೆ ಒಂದು ದಿನ ಖಾಲಿ ಬಿಡಿ. ದೋಣಿ ಸಮಯಕ್ಕೆ ಬಂದರೆ ಆ ದಿನ ಮ್ಯಾಲೇಗ್ ಸುತ್ತಲು ಸಿಗುತ್ತದೆ.