ಮೆತ್ತಗಿದ್ದರೆ ಕೆಲಸ ನಡೆಯುತ್ತದೆಯೇ?

ಶಿರಸಿ ಸಮೀಪದ ನಮ್ಮೂರಲ್ಲಿ ಹಸಿ ಅಡಿಕೆ ಕೊಂಡು, ಸುಲಿಸಿ, ಬೇಯಿಸಿ, ಒಣಗಿಸುವ ಕೆಲಸವನ್ನು 14 ವರ್ಷದಿಂದ ಮಾಡಿಸುತ್ತಿದ್ದೇನೆ. ಸುಗ್ಗಿಯಲ್ಲಿ ಇಪ್ಪತ್ತೈದು ಮೂವತ್ತು ಜನ ಸುಲಿಯಲು ಬರುತ್ತಾರೆ, ಹೆಚ್ಚಿನವರು ಹೆಂಗಸರು. ಬೆಂಗಳೂರಿನ ಕಂಪನಿಗಳಲ್ಲಿರುವ ನೆಂಟರ ಮಕ್ಕಳು ಊರಿಗೆ ಬಂದಾಗ ಚಪ್ಪರದಲ್ಲಿ ಕೂತು ನೋಡುತ್ತಾರೆ. ಆಮೇಲೆ ಎಲ್ಲರದ್ದೂ ಒಂದೇ ಪ್ರಶ್ನೆ: "ಚಿಕ್ಕಿ, ನೀನು ದನಿ ಎತ್ತೂದೇ ಇಲ್ಲ. ಹೀಗೆ ಮೆತ್ತಗಿದ್ರೆ ಜನ ತಲೆ ಮೇಲೆ ಹತ್ತಿ ಕೂರೂದಿಲ್ವಾ?"

ದನಿ ಎತ್ತುವುದಿಲ್ಲ ಎನ್ನುವುದು ನಿಜವಲ್ಲ. ಬೇಯಿಸಿದ ಅಡಿಕೆ ಅಂಗಳದ ತುಂಬ ಹರಡಿರುವಾಗ ಹೊತ್ತಲ್ಲದ ಹೊತ್ತಲ್ಲಿ ಮೋಡ ಕಟ್ಟಿದರೆ ನನ್ನ ಕೂಗು ಗುಡ್ಡದಾಚೆಯ ಮನೆಗೂ ಕೇಳುತ್ತದೆ. ನೀನು ಬುಟ್ಟಿ ಹಿಡಿ, ನೀನು ತಾಡಪಾಲು ಎಳೆ, ನೀನು ಒಲೆ ನೋಡು. ಆಗ ಯಾರ ಅಭಿಪ್ರಾಯವನ್ನೂ ಕೇಳುವುದಿಲ್ಲ, ಯಾರೂ ಬೇಸರ ಮಾಡಿಕೊಳ್ಳುವುದೂ ಇಲ್ಲ. ಮಳೆಗೆ ಕೂಗುತ್ತಿದ್ದೇನೆ, ತಮಗಲ್ಲ ಎಂದು ಅವರಿಗೆ ಗೊತ್ತು. ನಾನು ಎಡವಿದ್ದು, ಆ ಮಳೆಯ ದನಿಯನ್ನು ಬಿಸಿಲಿನ ದಿನಕ್ಕೂ ಇಟ್ಟುಕೊಂಡಾಗ.

ಕೆಲಸ ಶುರುಮಾಡಿದ ಮೂರನೇ ವರ್ಷ. ನಮ್ಮಲ್ಲಿ ಎಲ್ಲರಿಗಿಂತ ಚುರುಕಾಗಿ ಸುಲಿಯುವವಳೊಬ್ಬಳಿದ್ದಳು. ಮೆಟ್ಟುಗತ್ತಿಯ ಮುಂದೆ ಕೂತಳೆಂದರೆ ಕೈ ಕಾಣುತ್ತಿರಲಿಲ್ಲ. ಆ ವರ್ಷ ಅವಳ ರಾಶಿಯಲ್ಲಿ ಕತ್ತಿ ತಾಗಿ ಗಾಯವಾದ ಅಡಿಕೆ ಹೆಚ್ಚಾಗತೊಡಗಿತು. ಗಾಯದ ಅಡಿಕೆಗೆ ಪೇಟೆಯಲ್ಲಿ ದರ ಇಲ್ಲ. ಒಂದು ರಾತ್ರಿ ಅಳತೆ ಮಾಡುವಾಗ, ಎಲ್ಲರ ಎದುರಿಗೇ, "ಕೂಲಿ ಎಣಿಸೂದಕ್ಕೆ ಮಾತ್ರ ಕಣ್ಣು ಕಾಣ್ತದಾ ನಿಂಗೆ?" ಎಂದುಬಿಟ್ಟೆ. ಅವಳು ಏನೂ ಹೇಳಲಿಲ್ಲ. ಸೆರಗಿಗೆ ಕೈ ಒರೆಸಿಕೊಂಡು ಎದ್ದಳು. ಮರುದಿನ ಅವಳೂ ಬರಲಿಲ್ಲ, ಅವಳ ಕೇರಿಯ ಇನ್ನೈದು ಜನರೂ ಬರಲಿಲ್ಲ. ಕೊಯ್ದು ತಂದ ಅಡಿಕೆ ಗುಡ್ಡೆ ಬಿದ್ದಿತು.

ಮೂರನೆಯ ದಿನ ಹಿರಿಯ ಹೆಂಗಸೊಬ್ಬಳು ಬಂದು ಹೇಳಿದಳು: "ಅವ್ಳಿಗೆ ರಾತ್ರಿ ಕಣ್ಣು ಮಂಜಾಗ್ತದೆ ಅಮ್ಮ. ಹೇಳಿದ್ರೆ ಕೆಲಸ ಬಿಡಿಸ್ತೀರಿ ಅಂತ ಹೆದ್ರಿದಾಳೆ." ಕಣ್ಣಿನ ಮಾತನ್ನೇ ನಾನು ಆಡಿದ್ದೆ. ಅವತ್ತು ಸಂಜೆಯಿಡೀ ಒಲೆಯ ಮುಂದೆ ಕೂತು ಯೋಚಿಸಿದೆ. ಗಾಯದ ಅಡಿಕೆಯನ್ನು ವಾರದಿಂದ ನೋಡುತ್ತಲೇ ಇದ್ದವಳು ಆ ರಾತ್ರಿಯೇ ಯಾಕೆ ಸಿಡಿದೆ? ಅಂದು ಮಧ್ಯಾಹ್ನ ಪೇಟೆಯಲ್ಲಿ ದರ ಬಿದ್ದಿತ್ತು, ನಾನು ಹೆಚ್ಚಿಗೆ ಕೊಟ್ಟು ಕೊಂಡಿದ್ದೆ. ಪೇಟೆಯ ಮೇಲಿನ ಸಿಟ್ಟನ್ನು ತಂದು ಅವಳ ತಲೆಗೆ ಸುರಿದಿದ್ದೆ. ಅವಳ ಮನಸ್ಸು ತಿಳಿಯದೇ ಹೋದದ್ದು ನನ್ನ ಎರಡನೆಯ ತಪ್ಪು. ನನ್ನದೇ ಮನಸ್ಸು ತಿಳಿಯದೇ ಹೋದದ್ದು ಮೊದಲನೆಯದು.

ಅವಳ ಮನೆಗೆ ಹೋಗಿ ಕರೆತಂದೆ. ಬೈದದ್ದು ಚಪ್ಪರದಲ್ಲಾದ್ದರಿಂದ ತಪ್ಪಾಯಿತೆಂದು ಹೇಳಿದ್ದೂ ಚಪ್ಪರದಲ್ಲೇ, ಅದೇ ಜನರ ಎದುರು. ಕಣ್ಣು ತೋರಿಸಿದೆವು, ಕನ್ನಡಕ ಬಂತು. ಅವಳ ಜಾಗಕ್ಕೆ ಒಂದು ಬಲ್ಬು ಇಳಿಬಿಟ್ಟೆ. ಮರುವಾರ ಇನ್ನೂ ಮೂವರು ತಮಗೂ ಬೆಳಕು ಸಾಲುವುದಿಲ್ಲ ಎಂದರು. ಅಲ್ಲಿಯವರೆಗೆ ಒಬ್ಬರೂ ಬಾಯಿಬಿಟ್ಟಿರಲಿಲ್ಲ.

ಪ್ರಶ್ನೆ ಕೇಳಿದ ಹುಡುಗರಲ್ಲೊಬ್ಬ ತನ್ನ ಕಂಪನಿಯ ತರಬೇತಿಯ ಪಾಠಗಳನ್ನು ಮೊಬೈಲಿಗೆ ಕಳಿಸಿದ್ದ. ಕೂತು ಓದಿದೆ. ಭಾವನಾತ್ಮಕ ಬುದ್ಧಿಮತ್ತೆ ಎಂಬ ಮಾತಿಗೆ 1990ರಲ್ಲಿ ಮನಶ್ಶಾಸ್ತ್ರಜ್ಞರಾದ ಪೀಟರ್ ಸಲೋವೆ ಮತ್ತು ಜಾನ್ ಮೇಯರ್ ಶಾಸ್ತ್ರದ ರೂಪ ಕೊಟ್ಟರಂತೆ: ತನ್ನ ಮತ್ತು ಇತರರ ಭಾವನೆಗಳನ್ನು ಗಮನಿಸಿ, ಬೇರ್ಪಡಿಸಿ ಗುರುತಿಸಿ, ಆ ತಿಳಿವಿನಿಂದ ನಡೆದುಕೊಳ್ಳುವುದು. ಅದನ್ನು ಜನಪ್ರಿಯಗೊಳಿಸಿದ ಡೇನಿಯಲ್ ಗೋಲ್‌ಮನ್ ತನ್ನನ್ನು ತಾನು ಅರಿಯುವುದನ್ನು ಎಲ್ಲಕ್ಕೂ ಮೊದಲು ಇಟ್ಟಿದ್ದಾರೆ. ಒಲೆಯ ಮುಂದಿನ ಆ ಸಂಜೆ ನೆನಪಾಯಿತು.

2000ದಲ್ಲಿ ಗೋಲ್‌ಮನ್ ನಾಯಕತ್ವದ ಆರು ಶೈಲಿಗಳನ್ನು ವಿವರಿಸಿದರು. ಅಪ್ಪಣೆ ಕೊಟ್ಟು ನಡೆಸುವುದು ಅದರಲ್ಲೊಂದು. ಅಪಾಯದ ಹೊತ್ತಿಗೆ ಅದು ಬೇಕು, ದಿನಾ ಅದೇ ಆದರೆ ಜನರ ಮನಸ್ಸು ಮುರಿಯುತ್ತದೆ ಎನ್ನುತ್ತಾರೆ. ನನ್ನ ಮಳೆಯ ದನಿ ಅದೇ. ಆದರೆ ನನ್ನನ್ನು ಹೆಚ್ಚು ಕಲಕಿದ್ದು ಇನ್ನೊಂದು ಶೈಲಿ: ನಾಯಕ ತಾನೇ ಮುಂದೆ ಓಡಿ, ಎಲ್ಲರೂ ತನ್ನ ವೇಗಕ್ಕೆ ಬರಲಿ ಎಂದು ಬಯಸುವುದು. ಮೊದಲ ವರ್ಷಗಳಲ್ಲಿ ನಾನು ಎಲ್ಲರಿಗಿಂತ ಮುಂಚೆ ಕತ್ತಿಯ ಮುಂದೆ ಕೂತು, ಕೊನೆಗೆ ಏಳುತ್ತಿದ್ದೆ. ಅದು ಒಳ್ಳೆಯ ಮಾದರಿ ಎಂದೇ ನಂಬಿದ್ದೆ. ಅದು ಹಿಂದೆ ಬಿದ್ದವರನ್ನು ನಾಚಿಸುತ್ತದೆ, ನಾಚಿದವರು ತೊಂದರೆ ಮುಚ್ಚಿಡುತ್ತಾರೆ. ಮಂಜಾದ ಕಣ್ಣನ್ನು ಮುಚ್ಚಿಟ್ಟಂತೆ.

ಅದೇ ಪಾಠದಲ್ಲಿ ಹಳೆಯ ಪ್ರಯೋಗವೊಂದಿತ್ತು. ಅಮೆರಿಕದ ಅಯೋವಾದಲ್ಲಿ ಮನಶ್ಶಾಸ್ತ್ರಜ್ಞ ಕರ್ಟ್ ಲೆವಿನ್ ಮತ್ತು ಜೊತೆಗಾರರು ನಡೆಸಿ 1939ರಲ್ಲಿ ಪ್ರಕಟಿಸಿದ್ದು. ಹತ್ತರ ಆಸುಪಾಸಿನ ಹುಡುಗರು ಗುಂಪಾಗಿ ಮುಖವಾಡದಂಥ ಕೈಕೆಲಸ ಮಾಡಬೇಕು. ಮೂರು ಬಗೆಯ ಹಿರಿಯರು: ಒಬ್ಬ ಎಲ್ಲವನ್ನೂ ತಾನೇ ನಿರ್ಧರಿಸುವವ, ಒಬ್ಬ ಜೊತೆ ಕೂತು ಚರ್ಚಿಸುವವ, ಒಬ್ಬ ಸುಮ್ಮನೆ ಬಿಟ್ಟುಬಿಡುವವ. ಅಪ್ಪಣೆಯವನ ಗುಂಪಿನಲ್ಲಿ ಕೆಲಸವೇನೋ ಸಾಗಿತು, ಆದರೆ ಅವನು ಕೋಣೆಯಿಂದ ಹೊರಗೆ ಹೋದೊಡನೆ ಬಹಳ ಕುಗ್ಗಿಬಿಡುತ್ತಿತ್ತು. ಚರ್ಚಿಸುವವನ ಗುಂಪು ಅವನಿಲ್ಲದೆಯೂ ಮುಂದುವರಿಯಿತು. ಬಿಟ್ಟುಬಿಟ್ಟವನ ಗುಂಪಿನಲ್ಲಿ ಕೆಲಸ ಸರಿಯಾಗಿ ಆಗಲೇ ಇಲ್ಲ. ಮೆತ್ತಗಿರುವುದೆಂದರೆ ಈ ಮೂರನೆಯವನಂತೆ ಇರುವುದು ಎಂದು ನಮ್ಮ ಹುಡುಗರು ತಿಳಿದಿದ್ದಾರೆ, ಅದಕ್ಕೇ ಅವರಿಗೆ ಭಯ.

ಅಪ್ಪಣೆಯಿಲ್ಲದೆಯೂ ಜನ ನಿಲ್ಲುತ್ತಾರೆ ಎಂದು ತಿಳಿಯಲು ನಮ್ಮ ಶಿರಸಿಯ ಕಡೆಯವರು ಅಯೋವಾದವರೆಗೆ ಹೋಗಬೇಕಾಗಿಲ್ಲ. 1983ರ ಸೆಪ್ಟೆಂಬರಿನಲ್ಲಿ ಸಾಲ್ಕಣಿಯ ಜನ ಕಾಡಿಗೆ ಹೋಗಿ, ಮರ ಕಡಿಯುವುದನ್ನು ತಡೆಯಲು ಮರಗಳನ್ನು ಅಪ್ಪಿ ನಿಂತರು, ಅಪ್ಪಿಕೋ ಚಳವಳಿ ಅಲ್ಲಿಂದ ಹಬ್ಬಿತು. ಪಾಂಡುರಂಗ ಹೆಗಡೆಯವರಂಥವರು ಮುಂದೆ ನಿಂತಿದ್ದರು, ನಿಜ. ಆದರೆ ಕೊಡಲಿ ಎದುರಿಗಿರುವಾಗ ಮರ ಅಪ್ಪಿಕೋ ಎಂದು ಯಾರಿಗೆ ಅಪ್ಪಣೆ ಕೊಡಲಾದೀತು? ಆ ಕಾಡು ತನ್ನದು ಅನ್ನಿಸಿದವರು ಮಾತ್ರ ಹಾಗೆ ನಿಲ್ಲುತ್ತಾರೆ.

ಕಳೆದ ಸುಗ್ಗಿಯಲ್ಲಿ ಅತ್ತೆಯವರನ್ನು ಆಸ್ಪತ್ರೆಗೆ ತೋರಿಸಲು ಒಂದು ದಿನ ಹುಬ್ಬಳ್ಳಿಗೆ ಹೋಗಬೇಕಾಯಿತು. ಬರುವಾಗ ಮುಂಡಗೋಡ ದಾಟುತ್ತಿದ್ದಂತೆ ಜೋರು ಮಳೆ. ಅಂಗಳದಲ್ಲಿ ಎರಡು ದಿನದ ಅಡಿಕೆ ಹರಡಿತ್ತು, ಫೋನು ಸಿಗಲಿಲ್ಲ. ರಾತ್ರಿ ಒಂಬತ್ತಕ್ಕೆ ಮನೆ ಮುಟ್ಟಿದೆ. ಅಂಗಳ ಖಾಲಿ, ತಾಡಪಾಲಿನ ಹಗ್ಗ ಬಿಗಿದಿತ್ತು, ಚಪ್ಪರದಲ್ಲಿ ಸುಲಿಯುವುದು ನಡೆದೇ ಇತ್ತು. ಕನ್ನಡಕದವಳು ಕತ್ತಿಯಿಂದ ಕಣ್ಣೆತ್ತಿ ಹೇಳಿದಳು: "ಮೂರು ಬುಟ್ಟಿ ನೆಂದೋಯ್ತು ಅಮ್ಮ. ಒಳ್ಳೇದ್ರ ಜೊತೆ ಸೇರಿಸ್ಲಿಲ್ಲ, ಬೇರೆ ಇಟ್ಟಿದೀವಿ."