ಕತ್ತರಿಗೆ ಸಿಕ್ಕ ಹೆಜ್ಜೆಗಳು: ಟ್ಯಾಪ್ ದಾಖಲೆಯ ಕೆಲಸ ಎಲ್ಲಿಗೆ ಬಂತು

1930 ಮತ್ತು 40ರ ದಶಕದ ಹಾಲಿವುಡ್ ಸಂಗೀತ ಚಿತ್ರಗಳಲ್ಲಿ ಕುಣಿದ ಕಪ್ಪು ಟ್ಯಾಪ್ ಕಲಾವಿದರ ಹೆಜ್ಜೆಗಳನ್ನು ಕಿವಿಯಲ್ಲಿ ಹಿಡಿದು ಸೊಲ್ಕಟ್ಟಿನಲ್ಲಿ, ಅಂದರೆ ಮೃದಂಗದ ಪೆಟ್ಟುಗಳನ್ನು ಬಾಯಲ್ಲಿ ಹೇಳುವ ಅಕ್ಷರಗಳಲ್ಲಿ, ಬರೆದಿಡುತ್ತಿದ್ದೇನೆ. ಬಿಲ್ ರಾಬಿನ್ಸನ್ ಅವರ ಭಾಗ ಮುಗಿದಿದೆ. ಜಾನ್ ಬಬಲ್ಸ್ ಅವರದು ಮುಗಿಯುತ್ತಾ ಬಂದಿದೆ. ನಿಕೋಲಸ್ ಸಹೋದರರದು ಅರ್ಧದಲ್ಲಿದೆ. ಜೆನಿ ಲೆಗಾನ್ ಅವರದು ಈಗಷ್ಟೇ ಶುರುವಾಗಿದೆ.

ಮೃದಂಗ ಕಲಿತವರಿಗೆ ಇದು ಕೈಗೆಟುಕುವ ಕೆಲಸ. ಟ್ಯಾಪ್ ಕುಣಿತವೂ ಹೌದು, ವಾದನವೂ ಹೌದು. ಬೂಟಿನ ತಳದಲ್ಲಿ ಮುಂದೊಂದು, ಹಿಂದೊಂದು ಲೋಹದ ತಟ್ಟೆ ಇರುತ್ತದೆ. ಮುಂಗಾಲಿನ ಸದ್ದು ಚುರುಕು, ಹಿಮ್ಮಡಿಯದು ಗಟ್ಟಿ. ಹಾಗಾಗಿ ಮುಂಗಾಲಿಗೆ ತ, ಕ, ಕಿಟ ಎಂದೂ ಹಿಮ್ಮಡಿಗೆ ಧೀಂ, ತೋಂ ಎಂದೂ ಗೊತ್ತು ಮಾಡಿಕೊಂಡಿದ್ದೇನೆ. ಜಾಝಿನ ತೂಗಾಟ ತಿಸ್ರ ನಡೆಯಲ್ಲಿ, ಅಂದರೆ ಎಣಿಕೆಗೆ ಮೂರು ಅಕ್ಷರದ ನಡೆಯಲ್ಲಿ, ಸರಾಗವಾಗಿ ಕೂರುತ್ತದೆ. ನಾಲ್ಕು ಎಣಿಕೆಯ ಅವರ ಎರಡು ಬಾರ್, ಎಂಟು ಎಣಿಕೆಯ ನಮ್ಮ ಆದಿತಾಳದ ಒಂದು ಆವರ್ತ. ಮೊದಲು ಅರ್ಧ ವೇಗದಲ್ಲಿ ಕೇಳಿ ಬರೆಯುತ್ತೇನೆ, ಆಮೇಲೆ ಮೂಲ ವೇಗದಲ್ಲಿ ಬಾಯಲ್ಲಿ ಹೇಳಿ ಚಿತ್ರದ ಜೊತೆ ಕೂಡಿಸಿ ನೋಡುತ್ತೇನೆ. ಕಿವಿಯೊಂದನ್ನೇ ನಂಬುವ ಹಾಗಿಲ್ಲ. ಆ ಕಾಲದ ಸ್ಟುಡಿಯೊಗಳಲ್ಲಿ ಹೆಜ್ಜೆಯ ಸದ್ದನ್ನು ಸಾಮಾನ್ಯವಾಗಿ ಚಿತ್ರೀಕರಣವಾದ ಮೇಲೆ ಪ್ರತ್ಯೇಕವಾಗಿ ಧ್ವನಿಮುದ್ರಿಸುತ್ತಿದ್ದರು. ಕೇಳಿದ್ದನ್ನು ಕಾಲು ನೋಡಿ ಖಚಿತಪಡಿಸಿಕೊಳ್ಳಲೇಬೇಕು.

ಈ ಸೊಲ್ಲುಗಳ ಜೋಡಣೆಯನ್ನು, ಅಂದರೆ ಜತಿಯನ್ನು, ಬರೆಯುವ ಪುಸ್ತಕದ ಜೊತೆಗೆ ಒಂದು ಎಕ್ಸೆಲ್ ಶೀಟ್ ಕೂಡ ಬೆಳೆಯುತ್ತಿದೆ. ಚಿತ್ರ, ವರ್ಷ, ಸ್ಟುಡಿಯೊ, ಕುಣಿದವರು. ಪಾತ್ರಕ್ಕೊಂದು ಹೆಸರಿದೆಯೇ? ಕಥೆಯಲ್ಲಿರುವ ಯಾರಾದರೂ ಅವರ ಜೊತೆ ಮಾತಾಡುತ್ತಾರೆಯೇ? ಕೊನೆಯ ಕಾಲಂ ಎಲ್ಲಕ್ಕಿಂತ ಮುಖ್ಯ: ಈ ಕುಣಿತವನ್ನು ತೆಗೆದರೆ ಕಥೆಗೆ ಏನಾದರೂ ಆಗುತ್ತದೆಯೇ?

ಆ ಕಾಲಂ ಸುಮ್ಮನೆ ಬಂದದ್ದಲ್ಲ. ಅಮೆರಿಕದ ದಕ್ಷಿಣ ರಾಜ್ಯಗಳಲ್ಲಿ ಆಗ ವರ್ಣಭೇದವೇ ಕಾನೂನು. ಕಪ್ಪು ಕಲಾವಿದರು ಬಿಳಿಯರ ಸರಿಸಮ ಕಾಣಿಸಿಕೊಂಡರೆ ಅಲ್ಲಿನ ಚಿತ್ರಮಂದಿರಗಳವರೂ ಸ್ಥಳೀಯ ಸೆನ್ಸಾರ್ ಮಂಡಳಿಗಳೂ ಆ ಭಾಗವನ್ನು ಕತ್ತರಿಸುತ್ತಿದ್ದವು. ಮೆಂಫಿಸ್ ನಗರದ ಮಂಡಳಿಯಂತೂ ಇದಕ್ಕೆ ಕುಖ್ಯಾತ. ಸ್ಟುಡಿಯೊಗಳಿಗೆ ಇದು ಚೆನ್ನಾಗಿ ಗೊತ್ತಿತ್ತು. ಅದಕ್ಕೇ ಈ ಕಲಾವಿದರನ್ನು ಕಥೆಯ ಹೊರಗಿಟ್ಟು, ನೈಟ್‌ಕ್ಲಬ್ಬಿನದೋ ರಂಗಮಂದಿರದ್ದೋ ದೃಶ್ಯವೊಂದರಲ್ಲಿ ಬಂದು ಕುಣಿದು ಹೋಗುವಂತೆ ಮಾಡುತ್ತಿದ್ದವು. ರೀಲಿನಲ್ಲಿ ಎರಡು ಕಡೆ ಕತ್ತರಿ ಹಾಕಿದರೆ ಸಾಕು, ಕಥೆ ಎಲ್ಲೂ ತುಂಡಾಗುವುದಿಲ್ಲ. ಗಾಯಕಿ ಲೀನಾ ಹಾರ್ನ್ ಅವರನ್ನು ಎಂಜಿಎಂ ಸ್ಟುಡಿಯೊ ಇದೇ ರೀತಿ ಬಳಸಿಕೊಂಡಿತು. ಶೀಟಿನ ಕೊನೆಯ ಕಾಲಂನಲ್ಲಿ ಈಗ ಬಹುಪಾಲು 'ಏನೂ ಆಗುವುದಿಲ್ಲ' ಎಂದೇ ತುಂಬಿದೆ.

ರಾಬಿನ್ಸನ್: ಮುಗಿಯಿತು

1878ರಲ್ಲಿ ವರ್ಜೀನಿಯಾದ ರಿಚ್‌ಮಂಡ್‌ನಲ್ಲಿ ಹುಟ್ಟಿದ ಬಿಲ್ 'ಬೋಜ್ಯಾಂಗಲ್ಸ್' ರಾಬಿನ್ಸನ್ ಈ ಪಟ್ಟಿಯಲ್ಲಿ ಎಲ್ಲರಿಗಿಂತ ಹೆಚ್ಚು ಹೆಸರು ಮಾಡಿದವರು. ಪುಟ್ಟ ಶರ್ಲಿ ಟೆಂಪಲ್ ಜೊತೆ ಮೆಟ್ಟಿಲು ಹತ್ತುತ್ತಾ ಕುಣಿದ 1935ರ 'ದಿ ಲಿಟಲ್ ಕರ್ನಲ್' ದೃಶ್ಯವನ್ನು ಅನೇಕರು ನೋಡಿರುತ್ತಾರೆ. ಹಾಲಿವುಡ್ ತೆರೆಯ ಮೇಲೆ ಕಪ್ಪು, ಬಿಳಿ ಜೋಡಿಯೊಂದು ಕೂಡಿ ಕುಣಿದದ್ದು ಅದೇ ಮೊದಲು ಎನ್ನುತ್ತಾರೆ. ಅದು ಸಾಧ್ಯವಾಗಿದ್ದು ಹುಡುಗಿ ಚಿಕ್ಕವಳು, ಇವರು ಆಳಿನ ವೇಷದಲ್ಲಿದ್ದರು ಎಂಬ ಕಾರಣಕ್ಕೆ. ನಾನು ಬರೆಯಲು ಆರಿಸಿಕೊಂಡದ್ದು ಅದಕ್ಕೂ ಹಿಂದಿನ, 1932ರ 'ಹಾರ್ಲೆಮ್ ಈಸ್ ಹೆವನ್' ಚಿತ್ರದ ಮೆಟ್ಟಿಲ ಕುಣಿತವನ್ನು. ಅಲ್ಲಿ ಯಾರ ಕೈಯನ್ನೂ ಹಿಡಿಯಬೇಕಾಗಿಲ್ಲ. ಮೆಟ್ಟಿಲು ಬದಲಾದಂತೆ ನಾದವೂ ಬದಲಾಗುತ್ತದೆ. ರಾಬಿನ್ಸನ್ ಮರದ ತಳದ ಬೂಟು ಹಾಕುತ್ತಿದ್ದರು, ಮುಂಗಾಲ ಮೇಲೇ ನಿಂತು ಕುಣಿಯುತ್ತಿದ್ದರು. ಹಾಗಾಗಿ ಪುಟಗಟ್ಟಲೆ ಬರೆದರೂ ಧೀಂ ಬರುವುದು ಅಪರೂಪ. ಎಂಟು ಬಾರಿನ ವಾಕ್ಯ, ಅಂದರೆ ನಾಲ್ಕು ಆವರ್ತ, ಪ್ರತಿ ಸಲವೂ ಸರಿಯಾಗಿ ಸಮಕ್ಕೆ, ಅಂದರೆ ತಾಳದ ಮೊದಲ ಎಣಿಕೆಗೆ, ಬಂದು ಮುಗಿಯುತ್ತದೆ. ಮುಚ್ಚುಮರೆಯೇ ಇಲ್ಲದ ಲೆಕ್ಕಾಚಾರ. ಒಂದು ಅಕ್ಷರವೂ ಮಸುಕಾಗದ ಆ ಸ್ಪಷ್ಟತೆಯನ್ನು ಬರೆದು ನೋಡಿದ ಮೇಲೆ ಅವರ ಬಗ್ಗೆ ನನ್ನ ಗೌರವ ಇಮ್ಮಡಿಯಾಗಿದೆ.

ಬಬಲ್ಸ್: ಕೊನೆಯ ಎರಡು ಆವರ್ತ ಬಾಕಿ

ನನ್ನ ಮಟ್ಟಿಗೆ ಇಡೀ ಕೆಲಸದ ಹೃದಯ ಇದು. ಜಾನ್ ಡಬ್ಲ್ಯೂ. ಬಬಲ್ಸ್ (1902–1986) ಟ್ಯಾಪಿನ ಹಾದಿಯನ್ನೇ ಬದಲಿಸಿದವರು. ಅವರು ಲಯವನ್ನು ಅರ್ಧಕ್ಕೆ ಇಳಿಸಿದರು. ಹಾಗೆ ತೆರೆದುಕೊಂಡ ಜಾಗದಲ್ಲಿ ಹಿಮ್ಮಡಿಯ ಪೆಟ್ಟುಗಳನ್ನು ಅನಿರೀಕ್ಷಿತ ಕಡೆಗಳಲ್ಲಿ ಬೀಳಿಸಿದರು. ಎಂಟು ಬಾರಿಗೆ ಮುಗಿಯಬೇಕಾದ ವಾಕ್ಯವನ್ನು ಮುಗಿಸದೆ ಮುಂದಕ್ಕೆ ಎಳೆದರು. ಅದುವರೆಗೆ ಟೈಮ್ ಸ್ಟೆಪ್ ಎಂಬ ಟ್ಯಾಪಿನ ಮೂಲ ಹೆಜ್ಜೆಯಲ್ಲಿ ಆರು ಬಾರ್ ಒಂದೇ ಹೆಜ್ಜೆ, ಕೊನೆಯ ಎರಡು ಬಾರ್ ಬ್ರೇಕ್. ಅಂದರೆ ಮೂರು ಆವರ್ತ ನಡೆ, ಒಂದು ಆವರ್ತ ಮುಕ್ತಾಯ. ಬಬಲ್ಸ್ ಅವರಲ್ಲಿ ಮುಕ್ತಾಯ ಎಲ್ಲಿ ಬರುತ್ತದೆ ಎಂದು ಊಹಿಸಲಾಗದು. ಪುಸ್ತಕದ ತುಂಬ ಧೀಂ, ತೋಂ ತುಂಬಿಕೊಂಡಿದ್ದು ಇವರ ಪುಟಗಳಲ್ಲೇ. ಸೊಲ್ಲುಗಳನ್ನು ಬಾಯಲ್ಲೇ ನುಡಿಸುವ ಕೊನ್ನಕೋಲು ಕಲಾವಿದ ಗೆಳೆಯನೊಬ್ಬನಿಗೆ ಓದಿ ಹೇಳಿದಾಗ ಅವನು ತಾಳ ಹಾಕುತ್ತಿದ್ದ ಕೈ ನಿಲ್ಲಿಸಿ 'ಇನ್ನೊಂದ್ಸಲ ಹೇಳು' ಅಂದ.

ನಾನು ಬರೆಯುತ್ತಿರುವುದು 1943ರ 'ಕ್ಯಾಬಿನ್ ಇನ್ ದಿ ಸ್ಕೈ' ಚಿತ್ರದ್ದು. ವಿನ್ಸೆಂಟ್ ಮಿನೆಲಿ ನಿರ್ದೇಶಿಸಿದ ಮೊದಲ ಚಿತ್ರ, ಪಾತ್ರವರ್ಗವೆಲ್ಲ ಕಪ್ಪು ಕಲಾವಿದರೇ. ಬಬಲ್ಸ್ ಇಲ್ಲಿ ಡಾಮಿನೊ ಜಾನ್ಸನ್ ಎಂಬ ಜೂಜುಕೋರ. ಪಾತ್ರಕ್ಕೆ ಹೆಸರಿದೆ, ಕಥೆಯಲ್ಲಿ ಜಾಗವಿದೆ. ಕೊನೆಯ ಕಾಲಂನಲ್ಲಿ ಮೊದಲ ಬಾರಿಗೆ 'ಆಗುತ್ತದೆ' ಎಂದು ಬರೆಯುವಾಗ ಖುಷಿಯಾಯಿತು. ಕುಣಿತ ಮಾತ್ರ ತೀರ ಚಿಕ್ಕದು, ಹಾಡಿನ ಜೊತೆಗೆ ಬಂದು ಬೇಗ ಮುಗಿದುಹೋಗುತ್ತದೆ. 1935ರಲ್ಲಿ ಗರ್ಶ್ವಿನ್ ಅವರ 'ಪೋರ್ಗಿ ಅಂಡ್ ಬೆಸ್' ಆಪೆರಾ ರಂಗಕ್ಕೆ ಬಂದಾಗ ಸ್ಪೋರ್ಟಿನ್ ಲೈಫ್ ಪಾತ್ರ ಮಾಡಿದ್ದು ಇದೇ ಬಬಲ್ಸ್. ಅಂಥವರಿಗೆ ಹಾಲಿವುಡ್ ಕೊಟ್ಟದ್ದು ಇಷ್ಟೇ.

ಇದರ ಪಕ್ಕದಲ್ಲಿ 1936ರ 'ಸ್ವಿಂಗ್ ಟೈಮ್' ಚಿತ್ರವನ್ನೂ ಶೀಟಿಗೆ ಸೇರಿಸಿದ್ದೇನೆ. ಅದರಲ್ಲಿ ಬಿಳಿಯ ತಾರೆ ಫ್ರೆಡ್ ಆಸ್ಟೇರ್ ಮುಖಕ್ಕೆ ಕಪ್ಪು ಬಳಿದುಕೊಂಡು 'ಬೋಜ್ಯಾಂಗಲ್ಸ್ ಆಫ್ ಹಾರ್ಲೆಮ್' ಎಂಬ ಹಾಡಿಗೆ ಕುಣಿಯುತ್ತಾರೆ. ಹೆಸರು ರಾಬಿನ್ಸನ್ ಅವರದು, ಹೆಜ್ಜೆಯ ಜಾಡು ನನ್ನ ಕಿವಿಗೆ ಬಬಲ್ಸ್ ಅವರಿಗೇ ಹತ್ತಿರ. ಆಸ್ಟೇರ್ ದೊಡ್ಡ ಕಲಾವಿದ, ಅದರಲ್ಲಿ ಎರಡು ಮಾತಿಲ್ಲ. ಆದರೆ ಆ ಕುಣಿತಕ್ಕೆ ಸಿಕ್ಕಷ್ಟು ನಿಮಿಷ, ಸೆಟ್ಟು, ಹಣ ಇವರಿಬ್ಬರಲ್ಲಿ ಯಾರಿಗೂ ಸಿಗಲಿಲ್ಲವಲ್ಲ ಎಂಬ ಸಂಕಟ ಬರೆಯುವಾಗ ಬಿಡುವುದಿಲ್ಲ.

ನಿಕೋಲಸ್ ಸಹೋದರರು: ನಿಧಾನ

ಫಯಾರ್ಡ್ (1914–2006) ಮತ್ತು ಹೆರಾಲ್ಡ್ (1921–2000). ತಂದೆ ಡ್ರಮ್ ನುಡಿಸುತ್ತಿದ್ದರು, ತಾಯಿ ಪಿಯಾನೊ. ಯಾವ ಶಾಲೆಯಲ್ಲೂ ಕುಣಿತ ಕಲಿತವರಲ್ಲ. ಚಿಕ್ಕಂದಿನಲ್ಲೇ ಹಾರ್ಲೆಮ್‌ನ ಕಾಟನ್ ಕ್ಲಬ್‌ನಲ್ಲಿ ಕುಣಿದರು. 1943ರ 'ಸ್ಟಾರ್ಮಿ ವೆದರ್' ಚಿತ್ರದಲ್ಲಿ ಕ್ಯಾಬ್ ಕ್ಯಾಲೊವೇ ವಾದ್ಯವೃಂದದ ಜೊತೆ ಅವರು ಕುಣಿದದ್ದನ್ನು ಬರೆಯುವುದು ಸುಲಭವಲ್ಲ. ದೊಡ್ಡ ಮೆಟ್ಟಿಲುಗಳ ಮೇಲೆ ಒಬ್ಬರ ತಲೆಯ ಮೇಲಿಂದ ಇನ್ನೊಬ್ಬರು ಹಾರಿ, ಕೆಳಗಿನ ಮೆಟ್ಟಿಲಿಗೆ ನೇರ ಸ್ಪ್ಲಿಟ್‌ನಲ್ಲೇ, ಅಂದರೆ ಕಾಲುಗಳನ್ನು ಪೂರ್ತಿ ಚಾಚಿ, ಇಳಿದು, ಕೈ ಊರದೆ ಎದ್ದು, ಮತ್ತೆ ಹಾರುತ್ತಾರೆ. ತಾಲೀಮು ಬೇಡ, ನೇರ ಮಾಡಿಬಿಡಿ ಎಂದು ನೃತ್ಯ ನಿರ್ದೇಶಕ ನಿಕ್ ಕ್ಯಾಸಲ್ ಹೇಳಿದರೆಂದೂ ಒಂದೇ ಟೇಕಿನಲ್ಲಿ ಮುಗಿಯಿತೆಂದೂ ಫಯಾರ್ಡ್ ನೆನಪಿಸಿಕೊಳ್ಳುತ್ತಿದ್ದರು. ಹಾರಿದಾಗ ಸದ್ದಿಲ್ಲ, ಇಳಿದಾಗ ಒಂದೇ ಪೆಟ್ಟು. ಆ ಮೌನವನ್ನು ಕಾರ್ವೆ ಎಂದು ಬರೆದುಕೊಂಡೆ. ಎಣಿಸಿ ನೋಡಿದರೆ ಕಾರ್ವೆಯೂ ತಾಳದ ಒಳಗೇ ಇದೆ. ಎಲ್ಲರೂ ಅವರ ಜಿಗಿತವನ್ನು ಹೊಗಳುತ್ತಾರೆ, ಲಯವನ್ನು ಹೊಗಳುವವರು ಕಡಿಮೆ.

1941ರ 'ಸನ್ ವ್ಯಾಲಿ ಸೆರೆನೇಡ್'ನಲ್ಲಿ ಅವರು ಡೊರೊತಿ ಡ್ಯಾಂಡ್ರಿಜ್ ಜೊತೆ 'ಚಾಟನೂಗಾ ಚೂ ಚೂ' ಹಾಡಿಗೆ ಕುಣಿಯುತ್ತಾರೆ. ಗ್ಲೆನ್ ಮಿಲ್ಲರ್ ವಾದ್ಯವೃಂದ ಹಾಡು ಮುಗಿಸಿದ ಮೇಲೆ ಇವರ ಭಾಗ ಬೇರೆಯಾಗಿಯೇ ಶುರುವಾಗುತ್ತದೆ. ಕತ್ತರಿ ಎಲ್ಲಿ ಹಾಕಬಹುದು ಎಂದು ಯಾರೂ ತೋರಿಸಿಕೊಡಬೇಕಾಗಿಲ್ಲ. 1948ರ 'ದಿ ಪೈರೇಟ್'ನಲ್ಲಿ ಬಿಳಿಯ ತಾರೆ ಜೀನ್ ಕೆಲ್ಲಿ ಇವರಿಬ್ಬರ ನಡುವೆ ನಿಂತು ಸರಿಸಮನಾಗಿ ಕುಣಿದರು. ದಕ್ಷಿಣದ ಕೆಲವು ಊರುಗಳಲ್ಲಿ ಆ ಭಾಗವನ್ನು ತೆಗೆದೇ ತೋರಿಸಿದರು. ಆಮೇಲೆ ಸಹೋದರರು ಯುರೋಪಿನ ವೇದಿಕೆಗಳತ್ತ ಹೊರಟರು.

ಜೆನಿ ಲೆಗಾನ್: ಶುರು

1916ರಲ್ಲಿ ಶಿಕಾಗೊದಲ್ಲಿ ಹುಟ್ಟಿದವರು. ಹೆಂಗಸರು ಒಬ್ಬಂಟಿಯಾಗಿ ಟ್ಯಾಪ್ ಕುಣಿಯುವುದೇ ಅಪರೂಪವಾಗಿದ್ದ ಕಾಲದಲ್ಲಿ ಪ್ಯಾಂಟು ತೊಟ್ಟು, ಗಂಡಸರ ಕಠಿಣ ಹೆಜ್ಜೆಗಳನ್ನೇ ಹಾಕುತ್ತಿದ್ದರು. 1935ರ 'ಹೂರೇ ಫಾರ್ ಲವ್' ಚಿತ್ರದಲ್ಲಿ, ಬಾಡಿಗೆ ಕಟ್ಟಲಾಗದೆ ಸಾಮಾನು ಸಮೇತ ಬೀದಿಗೆ ಬಿದ್ದ ಹುಡುಗಿ ಇವರು. ಸಮಾಧಾನ ಹೇಳಲು ಬರುವವರು ಬಿಲ್ ರಾಬಿನ್ಸನ್, ಜೊತೆಗೆ ಪಿಯಾನೊ ವಾದಕ ಫ್ಯಾಟ್ಸ್ ವಾಲರ್. ರಾಬಿನ್ಸನ್ ಅವರಂಥ ಉಸ್ತಾದರ ಪಕ್ಕದಲ್ಲೂ ಈ ಹುಡುಗಿ ಎಲ್ಲೂ ಮಂಕಾಗುವುದಿಲ್ಲ. ರಾಬಿನ್ಸನ್ ನೇರ, ಅಳತೆಗೆ ತಕ್ಕಂತೆ. ಲೆಗಾನ್ ಮೈಯೆಲ್ಲ ಕಾಲಾಗಿ. ಇಬ್ಬರ ಜತಿಗಳನ್ನು ಎರಡು ಬಣ್ಣದಲ್ಲಿ ಬರೆಯುತ್ತಿದ್ದೇನೆ, ಇಲ್ಲವಾದರೆ ಬೇರ್ಪಡಿಸುವುದು ಕಷ್ಟ.

ಎಂಜಿಎಂ ಅವರ ಜೊತೆ ಒಪ್ಪಂದ ಮಾಡಿಕೊಂಡು, ನಂತರ ಕೈಬಿಟ್ಟಿತು. ಆಮೇಲೆ ಬಂದ ಪಾತ್ರಗಳಲ್ಲಿ ಹೆಚ್ಚಿನವು ಮನೆಕೆಲಸದವಳದ್ದು. 1948ರ 'ಈಸ್ಟರ್ ಪರೇಡ್'ನಲ್ಲಿ ಬಿಳಿಯ ತಾರೆ ಆ್ಯನ್ ಮಿಲ್ಲರ್ ಟ್ಯಾಪ್ ಕುಣಿಯುತ್ತಾರೆ, ಮಿಲ್ಲರ್ ಪಾತ್ರದ ಕೆಲಸದಾಕೆಯಾಗಿ ಲೆಗಾನ್ ಬಂದು ಹೋಗುತ್ತಾರೆ. ಆ ಚಿತ್ರಕ್ಕೆ ಶೀಟಿನಲ್ಲಿ ಪ್ರತ್ಯೇಕ ಸಾಲು ಕೊಟ್ಟಿದ್ದೇನೆ. ಬರೆಯಲು ಜತಿ ಇಲ್ಲ, ಹೆಜ್ಜೆಯೇ ಇಲ್ಲವಲ್ಲ. ಆದರೂ ಸಾಲು ಇರಲಿ. 1969ರಲ್ಲಿ ಕೆನಡಾದ ವ್ಯಾಂಕೂವರ್‌ಗೆ ಹೋದ ಅವರು ಅಲ್ಲೇ ಟ್ಯಾಪ್ ಕಲಿಸುತ್ತಾ 2012ರವರೆಗೆ ಬದುಕಿದ್ದರು.

ಮುಂದಿನದು

ಬೆರ್ರಿ ಸಹೋದರರು ಉಳಿದಿದ್ದಾರೆ: 1941ರ 'ಲೇಡಿ ಬಿ ಗುಡ್'. ಅವರದು ಟ್ಯಾಪಿಗಿಂತ ಬಿಗುಮಾನದ ನಡಿಗೆ, ಬೆತ್ತದಾಟ, ಕಲ್ಲಿನಂತೆ ನಿಂತು ಥಟ್ಟನೆ ಸಡಿಲವಾಗುವ ಚಮತ್ಕಾರ. ಸೊಲ್ಕಟ್ಟಿಗೆ ಎಷ್ಟು ಸಿಗುತ್ತದೋ ನೋಡಬೇಕು. ಎಂಜಿಎಂನಲ್ಲಿ ತಾರೆಯರಿಗೆ ಟ್ಯಾಪ್ ಕಲಿಸುತ್ತಿದ್ದ ವಿಲ್ಲಿ ಕೋವನ್ ಅವರಿಗಾಗಿ ಇನ್ನೊಂದು ಹಾಳೆ ತೆರೆಯಬೇಕು. ಅವರ ಹೆಜ್ಜೆಗಳು ಬೇರೆಯವರ ಕಾಲಲ್ಲಿ ತೆರೆಗೆ ಬಂದವು.

ಅದಕ್ಕೂ ಮೊದಲು ಲೋಯಿಸ್ ಬ್ರೈಟ್ ಎಂಬ ಕಲಾವಿದೆ. 1947ರ 'ಹೈ-ಡಿ-ಹೋ' ಕಪ್ಪು ಪ್ರೇಕ್ಷಕರಿಗೆಂದೇ ತಯಾರಾದ ಚಿತ್ರ. ಅದರಲ್ಲಿ ಮಿಲ್ಲರ್ ಸಹೋದರರ ಜೊತೆ, ಅವರಷ್ಟೇ ಬಿರುಸಾಗಿ, ಬ್ರೈಟ್ ಕುಣಿಯುತ್ತಾರೆ. ಕಥೆಗೂ ಆ ಕುಣಿತಕ್ಕೂ ಸಂಬಂಧವಿಲ್ಲ, ತೆಗೆದರೂ ಏನೂ ಆಗುವುದಿಲ್ಲ. ಆದರೆ ಆ ಚಿತ್ರಮಂದಿರಗಳಲ್ಲಿ ಕೂತವರು ಬಂದದ್ದೇ ಅದನ್ನು ನೋಡಲು. ಹಾಗಾಗಿ ಕೊನೆಯ ಕಾಲಂನ ಪಕ್ಕಕ್ಕೆ ಇನ್ನೊಂದು ಕಾಲಂ ಸೇರಿಸಿದ್ದೇನೆ: ಚಿತ್ರ ಯಾರಿಗಾಗಿ ತಯಾರಾಯಿತು? ಹಳೆಯ ಸಾಲುಗಳಿಗೆಲ್ಲ ಅದನ್ನು ತುಂಬಿಕೊಂಡು ಬರುವುದು ಈ ವಾರದ ಕೆಲಸ.