ಸುಜಲದ ಲೆಕ್ಕ

ಬೆಳಿಗ್ಗೆಯಿಂದ ಹಳೆಯ ಸುಜಲ ಜಲಾನಯನ ಯೋಜನೆಯೇ ತಲೆಯಲ್ಲಿ ಕೂತಿದೆ. ಹೊಲಕ್ಕೆ ಬದು, ಕೃಷಿಹೊಂಡ, ಹಳ್ಳಕ್ಕೆ ಚೆಕ್‌ಡ್ಯಾಮ್ ಮಾಡಿ ಮಳೆನೀರು ಹಿಡಿದಿಡುವ ಕೆಲಸ. ವಿಶ್ವಬ್ಯಾಂಕ್ ನೆರವಿನಿಂದ 2001ರಲ್ಲಿ ಶುರುವಾಗಿ 2009ರಲ್ಲಿ ಮುಗಿದದ್ದು. ನಡೆದದ್ದು ಐದು ಜಿಲ್ಲೆಗಳಲ್ಲಿ: ಕೋಲಾರ, ತುಮಕೂರು, ಚಿತ್ರದುರ್ಗ, ಹಾವೇರಿ, ಧಾರವಾಡ. ಮಳೆ ನಂಬಿದ ಊರುಗಳೇ ಜಾಸ್ತಿ.

ಅದರ ಮೌಲ್ಯಮಾಪನಕ್ಕೆ ಇಸ್ರೋದ ವಾಣಿಜ್ಯ ಸಂಸ್ಥೆ ಆಂಟ್ರಿಕ್ಸ್, ಉಪಗ್ರಹ ಚಿತ್ರ ಬಳಸಿತ್ತು. ಎಲ್ಲಿ ಹಸಿರು ಹೆಚ್ಚಿತು, ಎಲ್ಲಿ ಬೀಳುಭೂಮಿ ಬಿತ್ತನೆಗೆ ಬಂತು, ಮೇಲಿನಿಂದಲೇ ಕಾಣುತ್ತದೆ. ಭಲೇ ಅನ್ನಿಸುವ ಕೆಲಸ. ಯೋಜನೆ ಇಲ್ಲದ ಪಕ್ಕದ ಊರನ್ನೂ ನೋಡಬೇಕು ಅನ್ನಿ. ಇಲ್ಲದಿದ್ದರೆ ಒಳ್ಳೆ ಮಳೆಯ ಪುಣ್ಯವೆಲ್ಲ ಬದುವಿನ ಖಾತೆಗೆ ಜಮಾ ಆಗಿಬಿಡುತ್ತದೆ, ಅಲ್ವಾ?

ಬದು, ಕೃಷಿಹೊಂಡದ ಲಾಭ ಮೊದಲು ಸೇರುವುದು ಜಮೀನಿದ್ದವರಿಗೆ. ಅದಕ್ಕೇ ಜಮೀನಿಲ್ಲದವರಿಗೆ, ಮಹಿಳಾ ಸ್ವಸಹಾಯ ಸಂಘಗಳಿಗೆ ಆದಾಯದ ಕೆಲಸಗಳನ್ನೂ ಇಟ್ಟಿದ್ದರು. ಆದರೆ ಊರಿನ ಸಭೆಯಲ್ಲಿ ಅವರ ಮಾತು ನಡೆಯಿತಾ, ಸುಮ್ನೆ ಸಹಿ ಹಾಕಿ ಎದ್ದು ಬಂದರಾ? ಉಪಗ್ರಹಕ್ಕೆ ಇದು ಕಾಣುವುದಿಲ್ಲ. ಊರಿಗೇ ಹೋಗಿ ಕೂರಬೇಕು. ಅದೂ ಯೋಜನೆಯ ಜೀಪು ಬರುವುದು ನಿಂತು ನಾಲ್ಕೈದು ವರ್ಷ ಆದಮೇಲೆ. ಚೆಕ್‌ಡ್ಯಾಮಿನ ಹೂಳು ಈಗ ಯಾರು ತೆಗೆಸುತ್ತಾರೆ ಅಂತ ಕೇಳಿದರೆ ಅರ್ಧ ಉತ್ತರ ಸಿಗುತ್ತದೆ. ಇನ್ನರ್ಧಕ್ಕೆ ಸಂಘದ ಸಾಲದ ಪುಸ್ತಕ ತೆಗೆಸಿ ನೋಡುವುದೇ ವಾಸಿ.